ಗಾರ್ಮೆಂಟ್ಸ್ ಕಾರ್ಮಿಕರ ಆರೋಗ್ಯ ಸಂಶೋಧನೆ: ಕಾರ್ಮಿಕರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳುವುದು ಹೇಗೆ?

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಇಡೀ ದಿನ ಕೂರುವ ಮಹಿಳೆಯರ ಸೊಂಟನೋವು, ಕುತ್ತಿಗೆ ಸೆಳೆತ, ಉರಿಮೂತ್ರ, ರಕ್ತಹೀನತೆಗಳ ಬಗ್ಗೆ ವೈದ್ಯಕೀಯ ಕಾಲೇಜುಗಳಿಂದಲೂ ಸಮಾಜಕಾರ್ಯ ವಿಭಾಗಗಳಿಂದಲೂ ಪ್ರಬಂಧಗಳು ಬರುತ್ತಲೇ ಇವೆ. ಇವುಗಳಲ್ಲಿ ಹೆಚ್ಚಿನವು ಒಂದೇ ದಾರಿಯಲ್ಲಿ ನಡೆದಿರುತ್ತವೆ: ಮಾರ್ಗದರ್ಶಕರ ಕೋಣೆಯಲ್ಲಿ ವಿಷಯ ನಿರ್ಧಾರವಾಗುತ್ತದೆ, ಕಾರ್ಖಾನೆಯ ಎಚ್‌ಆರ್ ವಿಭಾಗದಿಂದ ಅನುಮತಿ ಪತ್ರ ಬರುತ್ತದೆ, ಊಟದ ಬಿಡುವಿನಲ್ಲಿ ಪ್ರಶ್ನಾವಳಿ ತುಂಬಿಸಿಕೊಳ್ಳಲಾಗುತ್ತದೆ, ಅಲ್ಲಿಗೆ ಕಾರ್ಮಿಕರ ಕೆಲಸ ಮುಗಿಯುತ್ತದೆ. ಏನನ್ನು ಕೇಳಬೇಕು, ಹೇಗೆ ಕೇಳಬೇಕು, ಬಂದ ಉತ್ತರವನ್ನು ಯಾವ ಅರ್ಥದಲ್ಲಿ ಓದಬೇಕು ಎಂಬ ಯಾವ ತೀರ್ಮಾನದಲ್ಲಿಯೂ ಅವರ ಪಾಲಿರುವುದಿಲ್ಲ. ಆ ಪಾಲನ್ನು ಕೊಡಲು ಹೊರಟ ಸಂಶೋಧಕರಿಗಾಗಿ, ಮುಖ್ಯವಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೂ, ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಉದಾಹರಣೆಗಳೆಲ್ಲ ಗಾರ್ಮೆಂಟ್ಸ್ ಕ್ಷೇತ್ರದವು.

ಆಸ್ಪತ್ರೆಗೂ ಕಾರ್ಖಾನೆಗೂ ಇರುವ ವ್ಯತ್ಯಾಸ

ರೋಗಿಗಳನ್ನೂ ಸಾರ್ವಜನಿಕರನ್ನೂ ಸಂಶೋಧನೆಯ ನಿರ್ಧಾರಗಳಲ್ಲಿ ಸೇರಿಸಿಕೊಳ್ಳುವ ಪದ್ಧತಿ ಬ್ರಿಟನ್ನಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಂಶೋಧನೆಗೆಂದು 1996ರಲ್ಲಿ ಆರಂಭವಾದ ಸಲಹಾ ವ್ಯವಸ್ಥೆಯೇ ಮುಂದೆ ‘ಇನ್ವಾಲ್ವ್’ ಎಂಬ ಹೆಸರು ಪಡೆಯಿತು. 2019ರಲ್ಲಿ ಹೊರಬಂದ ಅಲ್ಲಿನ ಮಾನದಂಡಗಳು ಆರು: ಎಲ್ಲರಿಗೂ ಅವಕಾಶ, ಜೊತೆಯಾಗಿ ದುಡಿಯುವುದು, ಬೆಂಬಲ ಮತ್ತು ಕಲಿಕೆ, ಸಂವಹನ, ಪರಿಣಾಮದ ದಾಖಲೆ, ಆಡಳಿತದಲ್ಲಿ ಪಾಲು. ಇವು ಒಳ್ಳೆಯ ಮಾನದಂಡಗಳೇ. ಆದರೆ ಇವನ್ನು ಇದ್ದ ಹಾಗೆಯೇ ತಂದು ಪೀಣ್ಯದ ಒಂದು ಕಾರ್ಖಾನೆಗೆ ಅನ್ವಯಿಸಲು ಹೊರಟರೆ ಎರಡು ಕಡೆ ಮುಗ್ಗರಿಸಬೇಕಾಗುತ್ತದೆ.

ಮೊದಲನೆಯದು ಭಯ. ಮಧುಮೇಹದ ಸಂಶೋಧನೆಗೆ ಸಲಹೆ ಕೊಡುವ ರೋಗಿ ಆಸ್ಪತ್ರೆಯನ್ನು ಟೀಕಿಸಿದ ಮಾತ್ರಕ್ಕೆ ಅವರ ಜೀವನೋಪಾಯ ಹೋಗುವುದಿಲ್ಲ. ತನ್ನ ಲೈನಿನ (ಸಾಲಾಗಿ ಕೂತು ಹೊಲಿಯುವ ತಂಡದ) ಟಾರ್ಗೆಟ್, ಅಂದರೆ ಗಂಟೆಗೆ ಇಷ್ಟು ಪೀಸ್ ಎಂಬ ಗುರಿಯ ಬಗ್ಗೆ, ಶೌಚಾಲಯಕ್ಕೆ ಎದ್ದರೆ ಸೂಪರ್‌ವೈಸರ್ ಆಡುವ ಮಾತಿನ ಬಗ್ಗೆ ಬಾಯಿಬಿಟ್ಟ ಟೈಲರ್‌ಗೆ ಮಾತ್ರ ಮರುದಿನವೇ ಲೈನ್ ಬದಲಾಗಬಹುದು, ಇಲ್ಲವೇ ನಾಳೆಯಿಂದ ಬರಬೇಡವೆಂಬ ಮಾತೂ ಬರಬಹುದು. ಸಂಶೋಧಕರನ್ನು ಒಳಗೆ ಬಿಡುವ ಗೇಟಿನ ಕೀಲಿ ಮಾಲೀಕರ ಕೈಯಲ್ಲಿರುವುದರಿಂದ, ಆ ಗೇಟಿನ ಮೂಲಕವೇ ಸಿಕ್ಕಿದ ಸಲಹೆಗಾರರು ಏನನ್ನು ಹೇಳಬಲ್ಲರು, ಏನನ್ನು ಹೇಳಲಾರರು ಎಂಬುದು ಮಾತು ಆರಂಭವಾಗುವ ಮುನ್ನವೇ ತೀರ್ಮಾನವಾಗಿರುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ಸಂಗತಿಯನ್ನು ಆಧರಿಸಿವೆ.

ಎರಡನೆಯದು ಗೈರುಹಾಜರಿ. ಕೆಲಸದಿಂದ ನಿಜವಾಗಿಯೂ ರೋಗಿಯಾದವರು ಕೆಲಸದ ಜಾಗದಲ್ಲಿ ಸಿಗುವುದಿಲ್ಲ, ಅವರು ಅದನ್ನು ಬಿಟ್ಟು ಹೋಗಿರುತ್ತಾರೆ. ಸೊಂಟ ಕೈಕೊಟ್ಟವರು ಮನೆಕೆಲಸಕ್ಕೋ ಊರಿಗೋ ಹಿಂತಿರುಗಿರುತ್ತಾರೆ, ಗಟ್ಟಿಯಾಗಿರುವವರು ಮಾತ್ರ ಲೈನಿನಲ್ಲಿ ಉಳಿದಿರುತ್ತಾರೆ. ಉಳಿದವರನ್ನಷ್ಟೇ ಪರೀಕ್ಷಿಸಿದರೆ ಕೆಲಸ ನಿರಪಾಯಕಾರಿ ಎಂಬ ಸುಳ್ಳು ಚಿತ್ರ ಮೂಡುತ್ತದೆ. ಸಾಂಕ್ರಾಮಿಕ ರೋಗಶಾಸ್ತ್ರದಲ್ಲಿ ಇದನ್ನು ಆರೋಗ್ಯವಂತ ಕಾರ್ಮಿಕರ ಪರಿಣಾಮ ಎನ್ನುತ್ತಾರೆ. ಅಮೆರಿಕದ ವೈದ್ಯ ಇರ್ವಿಂಗ್ ಸೆಲಿಕಾಫ್ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಅಪಾಯವನ್ನು 1964ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸಾಬೀತುಪಡಿಸಲು ಸಾಧ್ಯವಾದದ್ದು ನ್ಯೂಯಾರ್ಕ್ ಹಾಗೂ ನ್ಯೂಜೆರ್ಸಿಯ ಉಷ್ಣನಿರೋಧಕ ಕೆಲಸಗಾರರ ಸಂಘದ ಸದಸ್ಯತ್ವ ಪಟ್ಟಿ ಅವರಿಗೆ ಸಿಕ್ಕಿದ್ದರಿಂದ. 1942ರ ಕೊನೆಗೆ ಪಟ್ಟಿಯಲ್ಲಿದ್ದ 632 ಮಂದಿಯನ್ನು, ಕೆಲಸದಲ್ಲಿರಲಿ ಇಲ್ಲದಿರಲಿ, ಬದುಕಿರಲಿ ಸತ್ತಿರಲಿ, ಹಿಂಬಾಲಿಸಲು ಸಾಧ್ಯವಾಯಿತು. ಕಂಪನಿಗಳ ದಾಖಲೆಯನ್ನು ನೆಚ್ಚಿಕೊಂಡಿದ್ದರೆ ಆ ಲೆಕ್ಕ ಅಷ್ಟು ಸ್ಪಷ್ಟವಾಗಿ ಹೊರಬರುತ್ತಿರಲಿಲ್ಲ.

ಮೊದಲ ಹೆಜ್ಜೆ: ಗೇಟಿನ ಹೊರಗೆ ಗುಂಪು ಕಟ್ಟುವುದು

ಕಾರ್ಖಾನೆಯ ಅನುಮತಿ ಕೇಳುವ ಮುನ್ನವೇ, ವಿಷಯದ ಶೀರ್ಷಿಕೆಯನ್ನು ಅಂತಿಮಗೊಳಿಸುವ ಮುನ್ನವೇ, ಎಂಟರಿಂದ ಹತ್ತು ಮಂದಿಯ ಕಾರ್ಮಿಕರ ಸಲಹಾ ಗುಂಪೊಂದನ್ನು ಕಟ್ಟಿಕೊಳ್ಳಬೇಕು. ಇವರನ್ನು ಹುಡುಕಬೇಕಾದ ಜಾಗ ಕಾರ್ಮಿಕರು ವಾಸಿಸುವ ಬೀದಿಗಳು: ವಠಾರದ ಮನೆಗಳು, ಸ್ವಸಹಾಯ ಸಂಘದ ವಾರದ ಸಭೆ, ಅಂಗನವಾಡಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಡಿಸ್ಪೆನ್ಸರಿಯ ಸರದಿ, ಹೊರರಾಜ್ಯದ ಹುಡುಗಿಯರಿರುವ ಹಾಸ್ಟೆಲ್‌ಗಳ ಸುತ್ತಲಿನ ಅಂಗಡಿಗಳು. ಗಾರ್ಮೆಂಟ್ಸ್ ಕಾರ್ಮಿಕರ ಸಂಘಟನೆಗಳು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿವೆ, ಅವರ ನೆರವಿಲ್ಲದೆ ಆರಂಭಿಸುವುದು ಕಷ್ಟವೇ. ಆದರೂ ಸಂಘಟನೆಯೊಂದನ್ನೇ ಎಲ್ಲ ಕಾರ್ಮಿಕರ ದನಿ ಎಂದುಕೊಳ್ಳುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮದ ಬದಲಾವಣೆಯನ್ನು ವಿರೋಧಿಸಿ ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದದ್ದು ಯಾವ ಸಂಘದ ಕರೆಗೂ ಕಾಯದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಸಂಘವೂ ಒಂದು ಬಾಗಿಲೇ, ಅದಕ್ಕೂ ತನ್ನದೇ ಆದ್ಯತೆಗಳಿರುತ್ತವೆ. ಆದ್ದರಿಂದ ಗುಂಪಿನ ಅರ್ಧದಷ್ಟು ಜನರಾದರೂ ಯಾವ ಸಂಘಕ್ಕೂ ಸೇರದವರಾಗಿರುವುದು ಒಳ್ಳೆಯದು.

ಗುಂಪಿನಲ್ಲಿ ಟೈಲರ್‌ಗಳೇ ತುಂಬಿಕೊಳ್ಳದಂತೆ ನೋಡಿಕೊಳ್ಳಬೇಕು. ಹೆಲ್ಪರ್, ಚೆಕರ್, ಕಟಿಂಗ್ ವಿಭಾಗದವರು, ದಿನವಿಡೀ ನಿಂತೇ ಇರುವ ಐರನ್ ವಿಭಾಗದವರು, ಇವರೆಲ್ಲರ ದೇಹಕ್ಕೆ ಆಗುವ ತೊಂದರೆ ಬೇರೆ ಬೇರೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಒಬ್ಬಿಬ್ಬರು ಇರಬೇಕು, ಅವರಿಗಾಗಿ ಮಾತನ್ನು ಭಾಷಾಂತರಿಸುವವರನ್ನು ಕಾರ್ಖಾನೆಯಿಂದಲೋ ಹಾಸ್ಟೆಲ್ ವಾರ್ಡನ್ ಕಡೆಯಿಂದಲೋ ಕರೆತರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆಯ ಕಾರಣಕ್ಕೆ ಕೆಲಸ ಬಿಟ್ಟವರು ಕನಿಷ್ಠ ಮೂವರಿರಬೇಕು. ಈ ಕ್ಷೇತ್ರದಲ್ಲಿ ‘ರೋಗಿ’ ಎಂದು ಕರೆಯಬಹುದಾದವರು ಅವರೇ, ಕಳೆದುಕೊಳ್ಳಲು ಕೆಲಸವಿಲ್ಲದ್ದರಿಂದ ಧೈರ್ಯವಾಗಿ ಮಾತನಾಡುವವರೂ ಅವರೇ.

ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಗೆ 1987ರ ತಿದ್ದುಪಡಿ ಸೇರಿಸಿದ 41-ಜಿ ಕಲಂ ಹೇಳಿತ್ತು. ಇಂತಹ ಸಮಿತಿ ಇರುವ ಕಡೆ ಎಚ್‌ಆರ್‌ನವರು ‘ನಮ್ಮಲ್ಲಿ ಕಾರ್ಮಿಕ ಪ್ರತಿನಿಧಿಗಳು ಇದ್ದಾರಲ್ಲ, ಅವರನ್ನೇ ತೆಗೆದುಕೊಳ್ಳಿ’ ಎನ್ನುವುದುಂಟು. ಆ ಪ್ರತಿನಿಧಿಗಳನ್ನು ಭೇಟಿ ಮಾಡಿ ಮಾತನಾಡಬಹುದು, ಸಲಹಾ ಗುಂಪಿನ ಬದಲಿಗೆ ಅವರನ್ನು ಕೂರಿಸಬಾರದು. ಅವರು ಆಯ್ಕೆಯಾದವರೋ ನೇಮಕವಾದವರೋ ಎಂದು ಒಮ್ಮೆ ಲೈನಿನ ಹುಡುಗಿಯರನ್ನು ಕೇಳಿದರೆ ಸಂಗತಿ ಅರ್ಥವಾಗುತ್ತದೆ.

ಎರಡನೆಯ ಹೆಜ್ಜೆ: ಸಮಯ, ದುಡ್ಡು, ಮಗು

ಬಜೆಟ್ ಬರೆಯುವ ದಿನವೇ ಸಲಹಾ ಗುಂಪಿನ ಖರ್ಚಿಗೆ ಒಂದು ಪ್ರತ್ಯೇಕ ಸಾಲು ಇರಬೇಕು. ಗಾರ್ಮೆಂಟ್ಸ್ ಕಾರ್ಮಿಕರಿಗೆ ಭಾನುವಾರ ಒಂದೇ ರಜೆ. ಆ ದಿನ ಬಟ್ಟೆ, ನೀರು, ರೇಷನ್, ಮಕ್ಕಳ ಶಾಲೆಯ ಕೆಲಸ ಎಲ್ಲವೂ ಕಾದಿರುತ್ತವೆ. ಕೆಲಸದ ದಿನ ಕರೆದರೆ ಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ, ತಿಂಗಳ ಹಾಜರಾತಿ ಬೋನಸ್ ಕೂಡ ಕೈತಪ್ಪಬಹುದು. ಆದ್ದರಿಂದ ಸಭೆಯನ್ನು ಭಾನುವಾರ ಮಧ್ಯಾಹ್ನದ ನಂತರ, ಎರಡು ಗಂಟೆಗೆ ಮೀರದಂತೆ, ಅವರ ಮನೆಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಇಟ್ಟುಕೊಳ್ಳಬೇಕು. ಮಕ್ಕಳನ್ನು ಕರೆತರಲು ಹೇಳಿ, ಅವರನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ಹೋಗಿಬರುವ ಖರ್ಚು, ಕಾಫಿ ತಿಂಡಿ, ಸಮಯಕ್ಕೆ ಗೌರವಧನ ಇವು ಮೂರೂ ಬೇಕು. ಗೌರವಧನ ಅರ್ಧ ದಿನದ ಕೂಲಿಗಿಂತ ಕಡಿಮೆಯಾದರೆ ಅದು ಗೌರವವೂ ಅಲ್ಲ, ಧನವೂ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, 2017ರ ನೈತಿಕ ಮಾರ್ಗಸೂಚಿಗಳು ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಗೆ ಪ್ರಯಾಣವೆಚ್ಚವನ್ನೂ ಅವರ ಸಮಯ ಹಾಗೂ ಅನಾನುಕೂಲಕ್ಕೆ ಹಣವನ್ನೂ ಕೊಡಲು ಅವಕಾಶ ಮಾಡಿಕೊಟ್ಟಿವೆ. ಆ ಮೊತ್ತ ಆಮಿಷವಾಗದಂತೆ, ಸಂಶೋಧನೆಯನ್ನು ಪರಿಶೀಲಿಸಿ ಅನುಮತಿ ಕೊಡುವ ನೈತಿಕ ಸಮಿತಿ ಒಪ್ಪಬೇಕು. ಸಲಹೆಗಾರರಿಗೆ ಕೊಡುವ ಮೊತ್ತವನ್ನೂ ಇದೇ ರೀತಿ ಮುಂಚಿತವಾಗಿ ಬರೆದು ತೋರಿಸಿದರೆ ಆಮೇಲೆ ಪ್ರಶ್ನೆ ಏಳುವುದಿಲ್ಲ. ಪ್ರಾಯೋಗಿಕ ತೊಡಕು ಬೇರೆ ಕಡೆ ಇದೆ. ಕಾಲೇಜಿನ ಲೆಕ್ಕಪತ್ರ ವಿಭಾಗ ಹೆಸರು, ಸಹಿ, ಬ್ಯಾಂಕ್ ಖಾತೆ, ಆಧಾರ್ ಪ್ರತಿ ಎಲ್ಲವನ್ನೂ ಕೇಳುತ್ತದೆ. ಹಾಗೆ ತಯಾರಾಗುವ ವೋಚರ್‌ಗಳ ಕಟ್ಟು, ಕಾರ್ಖಾನೆಯ ವಿರುದ್ಧ ಮಾತನಾಡಿದವರ ಹೆಸರಿನ ಪಟ್ಟಿಯೂ ಆಗಿಬಿಡುತ್ತದೆ. ಇಂತಿಷ್ಟು ಮೊತ್ತದವರೆಗೆ ಸಂಕೇತ ಸಂಖ್ಯೆಯ ರಸೀತಿ ಸಾಕು, ಮೂಲ ಪಟ್ಟಿ ಪ್ರಧಾನ ಸಂಶೋಧಕರ ಬೀಗದ ಬೀರುವಿನಲ್ಲಿರುತ್ತದೆ ಎಂಬ ಲಿಖಿತ ಒಪ್ಪಂದವನ್ನು ಯೋಜನೆಯ ಆರಂಭದಲ್ಲಿಯೇ ಮಾಡಿಕೊಳ್ಳಬೇಕು. ಇನ್ನು ಯುಪಿಐ ಮೂಲಕ ಕಳಿಸುವಾಗ ಆ ಫೋನ್ ಯಾರದೆಂದು ಕೇಳುವುದು ಒಳಿತು. ಹಲವು ಮನೆಗಳಲ್ಲಿ ಅದು ಗಂಡನದಾಗಿರುತ್ತದೆ.

ಮೂರನೆಯ ಹೆಜ್ಜೆ: ಪ್ರಶ್ನೆಯನ್ನು ಅವರಿಂದಲೇ ಪಡೆಯುವುದು

ಮೊದಲ ಸಭೆಗೆ ಪ್ರಶ್ನಾವಳಿಯನ್ನು ಒಯ್ಯಬಾರದು. ಎರಡು ದೊಡ್ಡ ಚಾರ್ಟ್ ಹಾಳೆಗಳು, ಸ್ಕೆಚ್ ಪೆನ್ನುಗಳು, ಮೂರು ಬಣ್ಣದ ಬಿಂದಿ ಪ್ಯಾಕೆಟ್‌ಗಳು ಸಾಕು.

ಮೊದಲ ಹಾಳೆಯ ಮೇಲೆ ಹೆಣ್ಣಿನ ದೇಹದ ಮುಂಭಾಗ ಮತ್ತು ಹಿಂಭಾಗದ ರೇಖಾಚಿತ್ರ ಬರೆದು, ನೋವಿರುವ ಜಾಗಕ್ಕೆ ಕೆಂಪು, ಜೋಮು ಅಥವಾ ಉರಿ ಇರುವ ಜಾಗಕ್ಕೆ ಹಸಿರು, ಹೇಳಿಕೊಳ್ಳಲು ಸಂಕೋಚವಾಗುವ ತೊಂದರೆಗೆ ಕಪ್ಪು ಬಿಂದಿ ಅಂಟಿಸಲು ಹೇಳಬೇಕು. ಯಾರು ಯಾವುದನ್ನು ಅಂಟಿಸಿದರೆಂದು ತಿಳಿಯದಂತೆ ಹಾಳೆಯನ್ನು ಪಕ್ಕದ ಕೋಣೆಯಲ್ಲಿಟ್ಟು ಒಬ್ಬೊಬ್ಬರನ್ನೇ ಕಳಿಸುವುದು ಲೇಸು. ಎಲ್ಲರೂ ಮುಗಿಸಿದ ಮೇಲೆ ಹಾಳೆಯನ್ನು ಮಧ್ಯೆ ಹರಡಿ ಕೂತರೆ ಮಾತು ತಾನಾಗಿ ಹೊರಡುತ್ತದೆ. ಬಲಭುಜದ ಮೇಲೆ ಕೆಂಪು ಗುಂಪುಗೂಡಿದ್ದರೆ ಅವು ಕಾಲರ್ ಹೊಲಿಯುವವರವೇ, ಪೆಡಲ್ ಒತ್ತುವ ಕಾಲಿನ ಮೀನಖಂಡದ ಮೇಲಿನ ಹಸಿರು ಯಾರವು, ಕಪ್ಪು ಬಿಂದಿಗಳೆಲ್ಲ ಕಿಬ್ಬೊಟ್ಟೆಯ ಸುತ್ತಲೇ ಏಕೆ ಸೇರಿಕೊಂಡಿವೆ ಎಂಬ ವಿವರಣೆಯನ್ನು ಅವರೇ ಕೊಡುತ್ತಾರೆ. ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದು, ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುವುದು, ಎದ್ದರೆ ಪೀಸ್ ಬಾಕಿ ಉಳಿಯುವುದು ಎಂಬ ಸರಪಳಿ ಹೊರಬರುವುದು ಇಲ್ಲಿಯೇ.

ಎರಡನೆಯ ಹಾಳೆಯಲ್ಲಿ ಕೆಲಸದ ಜಾಗದ ನಕ್ಷೆ. ಲೈನ್‌ಗಳು, ಐರನ್ ಟೇಬಲ್, ಕಿಟಕಿ, ಫ್ಯಾನ್, ನೀರಿನ ಫಿಲ್ಟರ್, ಶೌಚಾಲಯ, ಸೂಪರ್‌ವೈಸರ್ ನಿಲ್ಲುವ ಜಾಗ, ಬೀಗ ಹಾಕಿರುವ ಬಾಗಿಲು. ಇಟಲಿಯ ತುರಿನ್ ನಗರದಲ್ಲಿ 1960ರ ದಶಕದಲ್ಲಿ ಇವಾರ್ ಒದ್ದೋನೆ ಮತ್ತು ಅವರ ಸಂಗಡಿಗರು ಫಿಯಟ್ ಕಾರ್ಖಾನೆಯ ಕಾರ್ಮಿಕರೊಡನೆ ಸೇರಿ ರೂಪಿಸಿದ ಅಪಾಯ ನಕ್ಷೆಯ ಪದ್ಧತಿ ಇದರ ಹಿಂದಿದೆ. ಒಂದೇ ಬಗೆಯ ಕೆಲಸವನ್ನು ಒಂದೇ ಪರಿಸರದಲ್ಲಿ ಮಾಡುವವರು ಒಂದು ಗುಂಪಾಗಿ ಕೂತು, ತಮ್ಮ ಅನುಭವವನ್ನು ಪರಸ್ಪರ ಒರೆಗೆ ಹಚ್ಚಿ, ಎಲ್ಲರೂ ಒಪ್ಪಿದ್ದನ್ನು ದಾಖಲಿಸಬೇಕು, ಆರೋಗ್ಯದ ತೀರ್ಮಾನವನ್ನು ಪೂರ್ತಿಯಾಗಿ ಪರಿಣತರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬಾರದು ಎಂಬುದು ಆ ಪದ್ಧತಿಯ ತಿರುಳು. ಇಂದಿಗೂ ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಖರವಾದ ಆರಂಭ ನನಗೆ ಕಂಡಿಲ್ಲ.

ಎರಡೂ ಹಾಳೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು, ‘ಇವುಗಳಲ್ಲಿ ಯಾವ ಒಂದು ಸಂಗತಿ ಗೊತ್ತಾದರೆ ನಿಮಗೆ ಉಪಯೋಗ?’ ಎಂದು ಕೇಳಬೇಕು. ಸಂಶೋಧಕರ ಮನಸ್ಸಿನಲ್ಲಿ ‘ಸೊಂಟನೋವಿನ ಪ್ರಮಾಣ ಶೇಕಡ ಎಷ್ಟು?’ ಎಂಬ ಪ್ರಶ್ನೆ ಇದ್ದಿರಬಹುದು. ಕಾರ್ಮಿಕರಿಗೆ ಅದರಲ್ಲಿ ಆಸಕ್ತಿ ಇರುವುದಿಲ್ಲ, ನೋವಿದೆ ಎಂಬುದು ಅವರಿಗೆ ಗೊತ್ತೇ ಇದೆ. ಬೆನ್ನಾಸರೆ ಇಲ್ಲದ ಸ್ಟೂಲಿನ ಬದಲು ಕುರ್ಚಿ ಕೊಟ್ಟರೆ ನೋವು ಕಡಿಮೆಯಾಗುತ್ತದೆಯೇ, ಗಂಟೆಯ ಟಾರ್ಗೆಟ್ ಏರಿದ ತಿಂಗಳುಗಳಲ್ಲಿ ಉರಿಮೂತ್ರಕ್ಕೆ ಔಷಧಿ ತೆಗೆದುಕೊಂಡವರು ಹೆಚ್ಚಾದರೇ ಎಂಬಂತಹ ಪ್ರಶ್ನೆಗಳು ಅವರಿಂದ ಬರುತ್ತವೆ. ಇವು ಸಂಶೋಧನೆಯ ದೃಷ್ಟಿಯಿಂದಲೂ ಉತ್ತಮ ಪ್ರಶ್ನೆಗಳು, ಏಕೆಂದರೆ ಉತ್ತರ ಬಂದರೆ ಬದಲಾಯಿಸಬಹುದಾದ ವಸ್ತುವೊಂದು ಕಣ್ಣೆದುರಿಗೆ ಇರುತ್ತದೆ. ಅವರು ಸೂಚಿಸಿದ ಪ್ರಶ್ನೆಯನ್ನು ತೆಗೆದುಕೊಳ್ಳಲಾಗದಿದ್ದರೆ, ಹಣದ ಕೊರತೆಯೋ ಅವಧಿಯ ಮಿತಿಯೋ ಯಾವುದೇ ಇರಲಿ, ಮುಂದಿನ ಸಭೆಯಲ್ಲಿ ಕಾರಣವನ್ನು ನೇರವಾಗಿ ಹೇಳಬೇಕು.

ನಾಲ್ಕನೆಯ ಹೆಜ್ಜೆ: ಪ್ರಶ್ನಾವಳಿಯನ್ನು ಬಾಯಿಮಾತಿಗೆ ಇಳಿಸುವುದು

ಸ್ನಾಯು ಮತ್ತು ಮೂಳೆಗಳ ತೊಂದರೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ. ಅದು ದೇಹವನ್ನು ಒಂಬತ್ತು ಭಾಗಗಳಾಗಿ ವಿಂಗಡಿಸಿ, ಕಳೆದ 12 ತಿಂಗಳಲ್ಲಿ ಮತ್ತು ಕಳೆದ 7 ದಿನಗಳಲ್ಲಿ ತೊಂದರೆ ಇತ್ತೇ ಎಂದು ಕೇಳುತ್ತದೆ. ಇದನ್ನು ಕೈಬಿಡಬೇಕಾಗಿಲ್ಲ, ಬೇರೆ ಅಧ್ಯಯನಗಳೊಡನೆ ಹೋಲಿಸಲು ಅದು ಬೇಕು. ಆದರೆ ಸಲಹಾ ಗುಂಪಿನ ಮುಂದೆ ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಅದನ್ನು ಪಕ್ಕದವರಿಗೆ ತಮ್ಮ ಮಾತಿನಲ್ಲಿ ಹೇಳಲು ಕೇಳಿಕೊಳ್ಳಬೇಕು. ಹೇಳುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಪ್ರಶ್ನೆ ಕೆಟ್ಟಿದೆ ಎಂದರ್ಥ. ‘ಕಳೆದ 12 ತಿಂಗಳಲ್ಲಿ’ ಎನ್ನುವುದಕ್ಕಿಂತ ‘ಹೋದ ಯುಗಾದಿಯಿಂದ ಈಚೆಗೆ’ ಎನ್ನುವುದು ನೆನಪಿಗೆ ಹತ್ತಿರ. ‘ಕೆಳಬೆನ್ನಿನ ಅಸ್ವಸ್ಥತೆ’ ಯಾರಿಗೂ ಇರುವುದಿಲ್ಲ, ಸೊಂಟ ಹಿಡಿದುಕೊಂಡಿರುವುದು ಎಲ್ಲರಿಗೂ ಗೊತ್ತು. ‘ಕೆಲಸದ ಒತ್ತಡವಿದೆಯೇ?’ ಎಂದರೆ ‘ಇದ್ದಿದ್ದೇ ಬಿಡಿ ಮೇಡಂ’ ಎಂಬ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ‘ಈ ವಾರ ಟಾರ್ಗೆಟ್ ಮುಗಿಯಲಿಲ್ಲವೆಂದು ಊಟದ ಹೊತ್ತಿನಲ್ಲಿ ಹೊಲಿದದ್ದು ಇದೆಯೇ, ಎಷ್ಟು ದಿನ?’ ಎಂದು ಕೇಳಿದರೆ ಎಣಿಸಬಹುದಾದ ಉತ್ತರ ಸಿಗುತ್ತದೆ.

ಬಿಳಿ ಹೋಗುವುದು, ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಾಯಿಸಲು ಜಾಗ ಸಿಗದಿರುವುದು, ಬೈಗುಳ ಇಂತಹ ವಿಷಯಗಳನ್ನು ಪ್ರಶ್ನಾವಳಿಯ ಯಾವ ಭಾಗದಲ್ಲಿ ಇಡಬೇಕು, ಯಾರು ಕೇಳಿದರೆ ಹೇಳುತ್ತಾರೆ ಎಂಬುದನ್ನು ಗುಂಪೇ ನಿರ್ಧರಿಸಲಿ. ವಯಸ್ಸಿನ ಅಂತರ, ಜಾತಿ, ಗಂಡು ಸಂಶೋಧಕರ ಹಾಜರಿ ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಅದನ್ನು ಸಂಶೋಧಕರಿಗಿಂತ ಅವರೇ ಚೆನ್ನಾಗಿ ಅಳೆಯಬಲ್ಲರು.

ಐದನೆಯ ಹೆಜ್ಜೆ: ನೈತಿಕ ಸಮಿತಿ ಮತ್ತು ಆಡಳಿತ ವರ್ಗ

ಐಸಿಎಂಆರ್ ಮಾರ್ಗಸೂಚಿಗಳ ಪ್ರಕಾರ, ಮೇಲಧಿಕಾರಿಗಳ ಕೈಕೆಳಗೆ ಇರುವ ನೌಕರರು ಸ್ವತಂತ್ರವಾಗಿ ಇಲ್ಲವೆನ್ನಲು ಕಷ್ಟಪಡುವ ದುರ್ಬಲ ವರ್ಗಗಳಲ್ಲಿ ಸೇರುತ್ತಾರೆ. ಸಾಂಸ್ಥಿಕ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಜನಸಾಮಾನ್ಯ ಪ್ರತಿನಿಧಿಯೊಬ್ಬರು ಇರಲೇಬೇಕು. ಆದರೆ ಆ ಪ್ರತಿನಿಧಿ ಹೊಲಿಗೆ ಲೈನನ್ನು ಕಂಡವರಾಗಿರುವ ಸಾಧ್ಯತೆ ಕಡಿಮೆ. ಆದ್ದರಿಂದ ಸಲಹಾ ಗುಂಪು ಏನು ಹೇಳಿತು, ಅದರಿಂದ ಯೋಜನೆಯಲ್ಲಿ ಏನು ಬದಲಾಯಿತು ಎಂಬ ಎರಡು ಪುಟದ ಟಿಪ್ಪಣಿಯನ್ನು ಅರ್ಜಿಯ ಜೊತೆಗೆ ಇಡಬೇಕು. ಸಲಹೆ ಕೊಡುವವರೂ ಮಾಹಿತಿ ಕೊಡುವವರೂ ಬೇರೆ ಬೇರೆ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟಪಡಿಸಬೇಕು. ಸಲಹೆಗಾರರ ದೇಹನಕ್ಷೆಯನ್ನೇ ಆಮೇಲೆ ದತ್ತಾಂಶವಾಗಿ ಬಳಸುವ ಉದ್ದೇಶವಿದ್ದರೆ ಅವರಿಂದಲೂ ಒಪ್ಪಿಗೆ ಪತ್ರ ಪಡೆಯಬೇಕು.

ಆಡಳಿತ ವರ್ಗದೊಂದಿಗೆ ಮಾತುಕತೆ ಇಷ್ಟರ ಮೇಲೆ. ಕಾರ್ಖಾನೆಯ ಒಳಗೆ ಧೂಳು, ಬೆಳಕು, ಶಾಖ ಅಳೆಯಬೇಕಿದ್ದರೆ ಅವರ ಅನುಮತಿ ಬೇಕೇಬೇಕು. ಕೇವಲ ಸಂದರ್ಶನವಾದರೆ ಬೇಕಾಗಿಲ್ಲ, ಅದನ್ನು ಮನೆಗಳಲ್ಲಿಯೇ ಮಾಡಬಹುದು, ಮಾಡುವುದೇ ಉತ್ತಮ. ಅನುಮತಿ ಪಡೆಯುವಾಗ ಒಂದು ಲಿಖಿತ ಒಡಂಬಡಿಕೆ ಇರಲಿ: ವ್ಯಕ್ತಿಗತ ಮಾಹಿತಿ, ಲೈನ್‌ವಾರು ಪಟ್ಟಿ ಆಡಳಿತಕ್ಕೆ ಸಿಗುವುದಿಲ್ಲ. ಪ್ರಕಟಣೆಗೆ ಮುನ್ನ ಕರಡನ್ನು ಓದಿ ವಾಸ್ತವಾಂಶದ ತಪ್ಪು ತೋರಿಸಬಹುದು, ತಡೆಯುವಂತಿಲ್ಲ. ಫಲಿತಾಂಶ ಕಾರ್ಮಿಕರಿಗೂ ಆಡಳಿತಕ್ಕೂ ಒಂದೇ ವಾರದಲ್ಲಿ ತಲುಪುತ್ತದೆ. ಇವಕ್ಕೆ ಒಪ್ಪದ ಕಾರ್ಖಾನೆಯನ್ನು ಬಿಟ್ಟು, ಹಲವು ಕಾರ್ಖಾನೆಗಳ ಕಾರ್ಮಿಕರು ವಾಸಿಸುವ ಒಂದು ಬಡಾವಣೆಯನ್ನೇ ಅಧ್ಯಯನದ ಕ್ಷೇತ್ರವಾಗಿ ಆರಿಸಿಕೊಳ್ಳುವುದು ಬುದ್ಧಿವಂತಿಕೆ. ಕೆಲಸ ಬಿಟ್ಟವರೂ ಅಲ್ಲಿ ಸಿಗುತ್ತಾರೆ, ಯಾವ ಕಾರ್ಖಾನೆಯ ಹೆಸರೂ ಬೇಕಾಗುವುದಿಲ್ಲ. ಮಾಪನದ ಉಪಕರಣಗಳ ಬಗ್ಗೆ ಸಲಹೆ ಬೇಕಿದ್ದರೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯನ್ನೂ ಕೇಳಬಹುದು.

ಆರನೆಯ ಹೆಜ್ಜೆ: ಮಾಹಿತಿ ಸಂಗ್ರಹ ಮತ್ತು ಓದು

ಗುಂಪಿನ ಕೆಲವರು ತಾವೇ ಸಂದರ್ಶನ ಮಾಡಲು ಮುಂದೆ ಬರಬಹುದು. ತರಬೇತಿ ಕೊಟ್ಟು, ಕೂಲಿ ಕೊಟ್ಟು, ಸ್ವಂತ ಲೈನಿನವರನ್ನೂ ನೆಂಟರನ್ನೂ ಅವರಿಗೆ ವಹಿಸದೆ ಕಳಿಸಬಹುದು. ಗುಟ್ಟು ಕಾಯುವುದರ ಬಗ್ಗೆ ಅವರಿಗೆ ಉಪನ್ಯಾಸ ಬೇಕಾಗಿಲ್ಲ. ವಠಾರದಲ್ಲಿ ಒಂದು ಮಾತು ಎಷ್ಟು ಬೇಗ ಹರಡುತ್ತದೆಂದು ಅವರಿಗೆ ಗೊತ್ತಿದೆ.

ಸಲಹಾ ಗುಂಪನ್ನು ಹೆಚ್ಚಿನವರು ಮರೆಯುವುದು ವಿಶ್ಲೇಷಣೆಯ ಹಂತದಲ್ಲಿ. ಅಂಕಿಅಂಶ ಬಂದ ಕೂಡಲೇ ಕಂಪ್ಯೂಟರ್ ಮುಂದೆ ಕೂತು ಬರವಣಿಗೆ ಆರಂಭವಾಗುತ್ತದೆ. ಅದಕ್ಕೂ ಮೊದಲು ನಾಲ್ಕೈದು ಸರಳ ಕೋಷ್ಟಕಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡು ಗುಂಪಿನ ಮುಂದೆ ಇಡಬೇಕು. ಐರನ್ ವಿಭಾಗದಲ್ಲಿ ಕಾಲುನೋವು ನಿರೀಕ್ಷೆಗಿಂತ ಕಡಿಮೆ ಬಂದಿದೆ ಎಂದುಕೊಳ್ಳೋಣ. ಸಂಶೋಧಕರು ಅದಕ್ಕೆ ರಬ್ಬರ್ ಮ್ಯಾಟ್ ಕಾರಣವಿರಬಹುದೆಂದು ಬರೆದುಬಿಡಬಹುದು. ಕಾಲುನೋವು ಬಂದವರನ್ನು ಅಲ್ಲಿಂದ ತೆಗೆದು ಥ್ರೆಡ್ ಕಟಿಂಗ್‌ಗೆ ಹಾಕುತ್ತಾರೆಂಬ ಸಂಗತಿಯನ್ನು ಗುಂಪಿನಲ್ಲಿ ಯಾರಾದರೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಇಎಸ್‌ಐ ದಾಖಲೆಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ರಜೆ ಸಿಗದೆ ಬೀದಿಯ ಕ್ಲಿನಿಕ್‌ನಲ್ಲಿ ಸೂಜಿ ಹಾಕಿಸಿಕೊಂಡು ಕೆಲಸಕ್ಕೆ ಹೋದವರು ಆ ದಾಖಲೆಯಲ್ಲಿ ಇರುವುದಿಲ್ಲ. ಗುಂಪಿನ ವಿವರಣೆಯನ್ನು ಪರೀಕ್ಷಿಸದೆ ಒಪ್ಪಬೇಕೆಂದು ಇದರ ಅರ್ಥವಲ್ಲ. ಅದು ಪರೀಕ್ಷಿಸಬೇಕಾದ ಊಹೆಯಾಗಿ ಬರಬೇಕು, ಸಾಧ್ಯವಾದರೆ ದತ್ತಾಂಶದಲ್ಲಿಯೇ ಅದನ್ನು ಮತ್ತೆ ನೋಡಬೇಕು, ಭಿನ್ನಾಭಿಪ್ರಾಯ ಉಳಿದರೆ ಎರಡನ್ನೂ ಬರೆಯಬೇಕು.

ಏಳನೆಯ ಹೆಜ್ಜೆ: ಫಲಿತಾಂಶವನ್ನು ಹಿಂತಿರುಗಿಸುವುದು

ವೈಯಕ್ತಿಕ ಪರೀಕ್ಷೆಯ ಫಲಿತಾಂಶ ಆ ದಿನವೇ ಕೈಗೆ ಸಿಗಬೇಕು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇರುವ ಹೆಣ್ಣುಮಗಳಿಗೆ ಪ್ರಬಂಧ ಪ್ರಕಟವಾಗುವವರೆಗೆ ಕಾಯಲು ಹೇಳುವುದು ನ್ಯಾಯವಲ್ಲ. ರಕ್ತದೊತ್ತಡ ವಿಪರೀತವಿದ್ದರೆ ಎಲ್ಲಿಗೆ ಕಳಿಸಬೇಕು, ಜೊತೆಗೆ ಯಾರು ಹೋಗಬೇಕು ಎಂಬುದು ಮುಂಚೆಯೇ ಗೊತ್ತಿರಬೇಕು. ಇಂತಹ ದಿನಗಳಲ್ಲಿ ಇಎಸ್‌ಐ ಬಗ್ಗೆ ಪ್ರಶ್ನೆಗಳು ಸುರಿಯುತ್ತವೆ, ತಂಡದಲ್ಲಿ ಒಬ್ಬರಾದರೂ ಅದನ್ನು ಅರಿತಿರಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಈ ವಿಮೆಯ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ಕಾರ್ಮಿಕರ ವಂತಿಗೆ ಸಂಬಳದ ಶೇಕಡ 0.75, ಮಾಲೀಕರದು ಶೇಕಡ 3.25. ಕಾಯಿಲೆಯ ರಜೆಯಲ್ಲಿ ಸಂಬಳದ ಶೇಕಡ 70ರಷ್ಟು ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ, ಅದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಸಂಬಳದ ಚೀಟಿಯಲ್ಲಿ ಕಡಿತವಾಗುತ್ತಿರುವ ಈ ಹಣದಿಂದ ಏನು ಸಿಗುತ್ತದೆಂದು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಒಟ್ಟು ಫಲಿತಾಂಶವನ್ನು ಎರಡು ಪುಟದ ಕನ್ನಡ ಕರಪತ್ರವಾಗಿಯೂ, ಕನ್ನಡ ಓದದವರಿಗಾಗಿ ಹಿಂದಿ ಮತ್ತು ಒಡಿಯಾದಲ್ಲಿ ಐದು ನಿಮಿಷದ ವಾಟ್ಸ್ಆ್ಯಪ್ ಧ್ವನಿಮುದ್ರಣವಾಗಿಯೂ ಕೊಡಬಹುದು. ಕರಪತ್ರದ ಕರಡನ್ನು ಗುಂಪು ತಿದ್ದಬೇಕು. ಕಾರ್ಖಾನೆಯ ಹೆಸರು ಹಾಕುವ ಬಗ್ಗೆ ಗುಂಪಿನಲ್ಲಿ ಜಗಳವೇ ಆಗಬಹುದು. ಹಾಕಬೇಕೆನ್ನುವವರು ಕೆಲಸ ಬಿಟ್ಟವರು, ಬೇಡವೆನ್ನುವವರು ಇನ್ನೂ ಅಲ್ಲಿ ದುಡಿಯುತ್ತಿರುವವರು. ಇಲ್ಲಿ ಬಹುಮತಕ್ಕಿಂತ, ಅಪಾಯವನ್ನು ಹೊರಬೇಕಾದವರ ಮಾತಿಗೆ ತೂಕ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಬೇರೆ ಕಸುಬುಗಳಲ್ಲಿ

ಇದೇ ಕ್ರಮ ಬೇರೆ ಕಡೆಗೂ ಹೊಂದುತ್ತದೆ, ಆದರೆ ಬಾಗಿಲು ಬದಲಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೆ ಕಾರ್ಖಾನೆಯ ಗೇಟಿಲ್ಲ, ಎಲೆ ಮತ್ತು ಹೊಗೆಸೊಪ್ಪು ಕೊಟ್ಟು ಬೀಡಿ ಎಣಿಸಿಕೊಳ್ಳುವ ಗುತ್ತಿಗೆದಾರರ ಮುಲಾಜು ಇದೆ. ಮನೆಯೇ ಕೆಲಸದ ಜಾಗವಾದ್ದರಿಂದ ಮಕ್ಕಳನ್ನೂ ಅಪಾಯ ನಕ್ಷೆಯಲ್ಲಿ ಸೇರಿಸಬೇಕಾಗುತ್ತದೆ. ಕಲ್ಲು ಕ್ವಾರಿಗಳಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದಾಗುವ ಶ್ವಾಸಕೋಶದ ಕಾಯಿಲೆ, ಬಂದವರು ಗುಂಪಿಗೆ ಬರುವಷ್ಟು ನಡೆಯಲಾರರು, ಕೆಲವೊಮ್ಮೆ ಮಾತನಾಡಬೇಕಾದವರು ಅವರ ಹೆಂಡತಿಯರು. ಕೋಲಾರ ಚಿನ್ನದ ಗಣಿಗಳಲ್ಲಿ ಈ ಕಾಯಿಲೆ 1940ರ ದಶಕದಲ್ಲಿಯೇ ದಾಖಲಾಗಿತ್ತು. ಗಣಿ 2001ರಲ್ಲಿ ಮುಚ್ಚಿದ್ದರಿಂದ ಅಲ್ಲಿ ಈಗ ಉಳಿದಿರುವವರೆಲ್ಲ ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬದವರು.

ಎಂಟನೆಯ ಹೆಜ್ಜೆ: ಬರೆದಿಡುವುದು

ಸಾರ್ವಜನಿಕರ ಪಾಲ್ಗೊಳ್ಳುವಿಕೆಯನ್ನು ಪ್ರಬಂಧದಲ್ಲಿ ಹೇಗೆ ವರದಿ ಮಾಡಬೇಕೆಂಬುದಕ್ಕೆ 2017ರಲ್ಲಿ ಪ್ರಕಟವಾದ ‘ಗ್ರಿಪ್-2’ ಎಂಬ ತಪಶೀಲು ಪಟ್ಟಿ ಇದೆ. ಅದರ ಕಿರು ರೂಪ ಐದು ಅಂಶಗಳದ್ದು: ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ, ವಿಮರ್ಶೆ. ಇದನ್ನು ತುಂಬಲು ಕೊನೆಯಲ್ಲಿ ನೆನಪನ್ನು ಕೆದಕುವ ಬದಲು, ಮೊದಲ ಸಭೆಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಂಬಸಾಲುಗಳನ್ನು ಎಳೆದು, ಗುಂಪು ಏನು ಹೇಳಿತು, ನಾವು ಏನು ಮಾಡಿದೆವು, ಮಾಡದಿದ್ದರೆ ಏಕೆ ಎಂದು ಪ್ರತಿ ಸಲವೂ ಬರೆಯಬೇಕು. ಮೂರನೆಯ ಕಂಬಸಾಲು ಖಾಲಿಯಾಗಿಯೇ ಉಳಿದರೆ, ಗುಂಪು ಬರೀ ತಲೆಯಾಡಿಸಿದೆಯೋ ಎಂದು ಅನುಮಾನಿಸಬೇಕು. ಸಹಲೇಖಕರಾಗಿ ಹೆಸರು ಬೇಕೇ, ಕೃತಜ್ಞತೆಯಲ್ಲಿ ಸಾಕೇ, ಯಾವುದೂ ಬೇಡವೇ ಎಂಬುದನ್ನು ಪ್ರತಿಯೊಬ್ಬರಿಂದಲೂ ಪ್ರತ್ಯೇಕವಾಗಿ, ಕರಡು ಕಳಿಸುವ ವಾರದಲ್ಲಿ ಮತ್ತೊಮ್ಮೆ ಕೇಳಬೇಕು. ಆರಂಭದಲ್ಲಿ ಹೂಂ ಎಂದಿದ್ದವರು ಅಷ್ಟರಲ್ಲಿ ಹೊಸ ಕಾರ್ಖಾನೆಗೆ ಸೇರಿರಬಹುದು, ಹೆಸರು ತೆಗೆಯಲು ಹೇಳಬಹುದು. ಆಗ ಕಾರಣ ಕೇಳದೆ ತೆಗೆದು, ಸಂಕೇತ ಸಂಖ್ಯೆಯ ಮೂಲ ಪಟ್ಟಿಯನ್ನು ನೈತಿಕ ಸಮಿತಿ ಒಪ್ಪಿದ ಅವಧಿ ಮುಗಿದ ದಿನ ನಾಶಪಡಿಸಿ, ನಾಶಪಡಿಸಿದ್ದನ್ನು ಅದೇ ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ನಮೂದಿಸಬೇಕು.